ಪಾರ್ಥನಿಗೆ ಒಂದು ಕಿಲೋಮೀಟರ್

ಬಸ್ಸು ಹತ್ತಿದವರು ಬಿಸಿಲು ಬೀಳದ ಬದಿ ನೋಡಿ ಕೂರುತ್ತಾರೆ. ಮೋಡ ಏಳುತ್ತಿರುವ ಬದಿ ನೋಡಿ ಕೂರುವವನ ಜೊತೆ ನೀವು ಒಮ್ಮೆಯಾದರೂ ಪ್ರಯಾಣ ಮಾಡಿದ್ದರೆ ನನ್ನ ಕಷ್ಟ ನಿಮಗೆ ಬೇಗ ತಿಳಿಯುತ್ತದೆ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿ ಎದ್ದಾಗ ಇವರು ಮಾಳಿಗೆ ಮೇಲಿರುತ್ತಾರೆ. ಮಣ್ಣಿಗೆ ಹೋದಲ್ಲಿ ಎಲ್ಲರೂ ನೆಲ ನೋಡಿಕೊಂಡು ನಿಂತಿದ್ದರೆ ಇವರ ಕಣ್ಣು ಮುಗಿಲ ಕಡೆ. ಫೋನು ಹಚ್ಚಿ "ಹೆಂಗೈತಿ ನಿಮ್ಮ ಕಡೆ?" ಎಂದು ಕೇಳಿದರೆ ಅದು ನಿಮ್ಮ ಬಿ.ಪಿ., ಶುಗರ್ ವಿಚಾರ ಅಲ್ಲ.

ಸವಡಿಯ ಪಾಲಿಗೆ ಬಂದವನು ನಮ್ಮ ಕಾಕಾ.

ಕಾಕಾ ಕಂಡಕ್ಟರ್ ಆಗಿದ್ದ. ಮೂವತ್ತು ಚಿಲ್ಲರೆ ವರ್ಷ ರೋಣ, ನರೇಗಲ್ಲ, ಗಜೇಂದ್ರಗಡ, ಬಾದಾಮಿ ಅಂತ ತಿರುಗಿದ. ಹಳ್ಳಿಗಳು ಅವನಿಗೆ ನೆನಪಿರುವುದು ಗುಡುಗಿನ ಲೆಕ್ಕದಲ್ಲಿ. "ಆ ಊರೇನ? ರೋಹಿಣಿ ಮಳ್ಯಾಗ ಬಸ್‌ಸ್ಟ್ಯಾಂಡಿನ ತಗಡು ಹಾರಿದ್ದು ಅಲ್ಲೇ." "ಆ ಕ್ರಾಸ್ ಗೊತ್ತಲ್ಲ, ಹಸ್ತಾ ಮಳ್ಯಾಗ ಆಣಿಕಲ್ಲು ಬಿದ್ದು ಡ್ರೈವರನ ಮುಂದಿನ ಗ್ಲಾಸ್ ಹೋತು." ಬಾದಾಮಿಯ ಗುಹೆಗಳನ್ನು ಅವನು ಇವತ್ತಿಗೂ ಒಳಹೊಕ್ಕು ನೋಡಿಲ್ಲ. ಆದರೆ ಅಲ್ಲಿನ ಗುಡ್ಡಕ್ಕೆ ಬಡಿದು ವಾಪಸ್ ಬರುವ ಗುಡುಗಿನ ಸದ್ದು ಎಷ್ಟು ಹೊತ್ತು ಉರುಳುತ್ತದೆ ಎಂಬುದನ್ನು ಕೈಯಾಡಿಸಿ ತೋರಿಸಬಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಬಂದಾಗ ಊರಿಗೆಲ್ಲ ಕರೆಂಟಿನ ಆಸೆ, ಕಾಕಾನಿಗೆ ಮಾತ್ರ ಅವುಗಳ ತುದಿಗೆ ಸಿಡಿಲು ಇಳಿಯುವುದನ್ನು ನೋಡುವ ಆಸೆ. ಅದರ ರೆಕ್ಕೆಯೊಳಗೇ ಸಿಡಿಲನ್ನು ನೆಲಕ್ಕೆ ಇಳಿಸುವ ತಂತಿ ಇರುತ್ತದೆ ಎಂದು ಯಾರೋ ಹೇಳಿದ ಮೇಲಂತೂ ಆ ರೂಟಿನ ಡ್ಯೂಟಿಯನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ.

ನಮ್ಮದು ಎರಿ ಸೀಮೆ. ಗದಗ ಜಿಲ್ಲೆಗೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಚೆಈಚೆ. ಆಗುಂಬೆಯವರು ಜುಲೈ ಒಂದೇ ತಿಂಗಳಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ನೆನೆಯುತ್ತಾರೆ. ಕಾಕಾನನ್ನು ಒಮ್ಮೆ ಅಲ್ಲಿಗೂ ಕರೆದುಕೊಂಡು ಹೋಗಿದ್ದೆ, ಖುಷಿಪಡುತ್ತಾನೆ ಎಂದು. ಎರಡು ದಿನ ಕೊಡೆ ಹಿಡಿದು ನಿಂತವನು ಮೂರನೇ ದಿನ ಮುಂಜಾನೆ ಚೀಲ ಕಟ್ಟಿದ. "ನಳ ಬಿಟ್ಟಂಗ ಸುರೀತೈತೆ ಹೊರ್ತು ಮಾತಿಲ್ಲ ಕತಿಯಿಲ್ಲ. ಇದೆಂಥಾ ಮಳಿ?" ಅವನು ಹೇಳಿದ್ದರಲ್ಲಿ ಹುರುಳಿದೆ. ಮುಂಗಾರು ಹಿಡಿದು ಸುರಿಯುವಾಗ ಗುಡುಗು ಕಡಿಮೆ. ಗುಡುಗಬೇಕೆಂದರೆ ನೆಲ ಮೊದಲು ಕಾಯಬೇಕು. ಏಪ್ರಿಲ್–ಮೇದಲ್ಲಿ ನಮ್ಮ ಎರಿ ನೆಲ ಆಡಿನ ಕಾಲು ಹೋಗುವಷ್ಟು ಬಿರಿದು, ಮಧ್ಯಾಹ್ನ ಹಂಚಿನಂತೆ ಕಾದು, ಮೇಲಿನ ಗಾಳಿಯನ್ನು ಒದ್ದು ಮೇಲಕ್ಕೆ ಕಳಿಸುತ್ತದೆ. ಅದಕ್ಕೆ ಒಂದಿಷ್ಟು ಹಸಿ ಗಾಳಿ ಕೂಡಿತೋ, ಸಂಜೆ ನಾಲ್ಕರ ಹೊತ್ತಿಗೆ ಹೂಕೋಸಿನ ಹಾಗೆ ಮೋಡ ಏಳುತ್ತದೆ. ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರಕ್ಕೆ ಹೋಗಿ, ಮುಂದೆ ಏರಲಾಗದೆ, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಇದಕ್ಕೆ ಕ್ಯುಮುಲೋನಿಂಬಸ್ ಎನ್ನುತ್ತಾರೆಂದು ಯಾರೋ ಪ್ಯಾಸೆಂಜರ್ ಮಾಸ್ತರರು ಕಾಕಾನಿಗೆ ಕಲಿಸಿಹೋದರು. ಕಾಕಾ ಅದನ್ನು ಊರಿಗೆ ಕಲಿಸಿದ. ಈಗ ಸವಡಿಯಲ್ಲಿ ಆಡುವ ಹುಡುಗರೂ "ಕುಂಬಳ–ನಿಂಬಿ ಮ್ವಾಡ ಬಂತಲೇ" ಎಂದು ಕೂಗುತ್ತಾರೆ.

ಗುಡುಗುವ ಮೋಡ ಸುರಿಯುವುದಿಲ್ಲ ಎಂಬ ಗಾದೆಯನ್ನು ಅವನ ಎದುರು ಆಡಬಾರದು. ನಾನು ಒಮ್ಮೆ ಆಡಿ, ರೋಣ ಬರುವವರೆಗೂ ಕೇಳಬೇಕಾಯಿತು.

ಇಷ್ಟನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ಎಣಿಕೆ.

ಅದರ ಮೂಲ ನಮ್ಮ ಅಮ್ಮ, ಅಂದರೆ ಅಜ್ಜಿ. ಮಿಂಚಿದ ತಕ್ಷಣ ಆಕೆ ಒಲೆಯ ಮುಂದೆ ಕೂತಲ್ಲೇ ಶುರು ಮಾಡುತ್ತಿದ್ದಳು: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಹತ್ತು ಹೆಸರು ಹೇಳಿದರೆ ಸಿಡಿಲು ಆ ಮನೆಯ ತಂಟೆಗೆ ಬರುವುದಿಲ್ಲವಂತೆ. ಹುಡುಗ ಕಾಕಾ ಪಕ್ಕದಲ್ಲಿ ಕೂತು ಗಮನಿಸಿದ್ದು ಬೇರೆಯದೇ: ಒಮ್ಮೊಮ್ಮೆ ಪಾರ್ಥನಿಗೇ ಗುಡುಗುತ್ತದೆ, ಒಮ್ಮೊಮ್ಮೆ ಧನಂಜಯ ಮುಗಿದರೂ ಇಲ್ಲ. ಮುಂದೆ ಕೈಗೆ ಗಡಿಯಾರ ಬಂದ ಮೇಲೆ ಅಳೆದೂ ನೋಡಿದ. ಅವ್ವನ ಒಂದು ಹೆಸರಿಗೆ ಹೆಚ್ಚೂಕಡಿಮೆ ಒಂದು ಸೆಕೆಂಡು. ಬೆಳಕು ಆ ಕ್ಷಣಕ್ಕೇ ಬರುತ್ತದೆ. ಸದ್ದು ಒಂದು ಕಿಲೋಮೀಟರ್ ನಡೆಯಲು ಮೂರು ಸೆಕೆಂಡು ತಗೊಳ್ಳುತ್ತದೆ. ಅಲ್ಲಿಗೆ ಪಾರ್ಥನಿಗೆ ಒಂದು ಕಿಲೋಮೀಟರ್, ಬೀಭತ್ಸುವಿಗೆ ಎರಡು, ಸವ್ಯಸಾಚಿಗೆ ಮೂರು. ಸ್ಟೇಜು ಲೆಕ್ಕ ಹಾಕಿ ಟಿಕೆಟ್ ಹರಿಯುವ ಕಂಡಕ್ಟರನ ಕೈಗೆ ಇಂಥ ಲೆಕ್ಕ ಸಿಕ್ಕರೆ ಬಿಟ್ಟಾನೆಯೇ? ಆವತ್ತಿನಿಂದ ಮಿಂಚಿದರೆ ಸಾಕು, ಬಲಗೈ ತೋರುಬೆರಳು ಮೇಲಕ್ಕೆ ಹೋಗುತ್ತದೆ. ಆ ಬೆರಳು ಇಳಿಯುವತನಕ ಯಾರೂ ಉಸಿರೆತ್ತಬಾರದು.

ನನಗೆ ಕನ್ಯೆ ನೋಡಲು ಹೋದದ್ದು ಇದೇ ಬೆರಳಿನ ಜೊತೆ.

ಹೊಳೆಆಲೂರಿನ ಆಚೆ ಒಂದೂರು. ಮೇ ತಿಂಗಳು. ಹಿರಿಯರೆಂದು ಕಾಕಾ, ಬೈಕು ನನ್ನದು. ಹುಡುಗಿಯ ಮನೆಗೆ ನಾಲ್ಕಕ್ಕೆ ಮುಟ್ಟಬೇಕಿತ್ತು. ದಾರಿಯಲ್ಲಿ ಪಡುವಣಕ್ಕೆ ಮೋಡ ಎದ್ದಿತು. "ಡಾಂಬರ್ ರೋಡಿನ್ಯಾಗ ಗಿಡ ಅಡ್ಡ ಬರ್ತಾವು, ಹೊಲದ ದಾರಿ ಹಿಡಿ, ಪೂರಾ ಕಾಣ್ತೈತಿ" ಎಂದ. ಹಿಡಿದೆ. ಕಂಡಿತು, ಪೂರಾ ಕಂಡಿತು, ಹತ್ತು ನಿಮಿಷದಲ್ಲಿ ಮೈಮೇಲೇ ಬಂತು. ಹಸಿಯಾದ ಎರಿಯಲ್ಲಿ ಬೈಕು ಹೊಡೆದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ರಾಡಿ ಗಿಡಿದು, ಇಂಜಿನ್ನು ಒದರುತ್ತದೆ, ಗಾಲಿ ತಿರುಗುವುದಿಲ್ಲ. ಜಾಲಿ ಕಟ್ಟಿಗೆ ಮುರಿದು ಕೆದರಿದರೆ ನಾಲ್ಕು ಮಾರು ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಒಂದೊಂದು ಚಪ್ಪಲಿಗೆ ಎರಡೆರಡು ಕಿಲೋ ಮಣ್ಣು. ನಾನು ಬಗ್ಗಿ ಗಾಲಿ ಕೆದರುತ್ತಿದ್ದೆ, ಕಾಕಾ ಹಿಂದೆ ನಿಂತು "ಆಹಾ, ನೋಡಲೇ ತಮ್ಮ, ಅಡ್ಡ ಮಿಂಚು! ಈ ತುದಿಯಿಂದ ಆ ತುದಿಗೆ!" ಎನ್ನುತ್ತಿದ್ದ. ನಾನು ನೋಡಲಿಲ್ಲ. ಅಂಗಿ ಇಸ್ತ್ರಿ ಮಾಡಿಸಿದ್ದೆ.

ಹುಡುಗಿಯ ಮನೆ ಮುಟ್ಟಿದಾಗ ಆರೂವರೆ. ಅವರು ದೊಡ್ಡ ಮನಸ್ಸಿನ ಜನ, ಕಾಲಿಗೆ ನೀರು ಕೊಟ್ಟು, ಜಮಖಾನೆ ಹಾಸಿ ಕೂಡಿಸಿದರು. ಉಪ್ಪಿಟ್ಟು ಬಂತು. ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡು ಕಾಕಾನನ್ನು ಕೇಳಿದರು: "ಹುಡುಗಗ ಪಗಾರ ಎಷ್ಟ ಐತ್ರಿ?"

ಕಿಟಕಿಯಲ್ಲಿ ಮಿಂಚಿತು. ಬೆರಳು ಮೇಲೆದ್ದಿತು.

ಮನೆಯೆಲ್ಲ ಆ ಬೆರಳನ್ನೇ ನೋಡುತ್ತ ಕೂತಿತು. ಕಾಕಾ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ದೂರದಲ್ಲಿ ಗುಡುಗಿತು. "ಒಂಬತ್ತು!" ಎಂದ, ಸಂತೋಷದಿಂದ.

"ಒಂಬತ್ತ ಸಾವಿರ… ಅಡ್ಡಿಯಿಲ್ಲ ಬಿಡ್ರಿ" ಎಂದರು ಅವರು. ನನಗೆ ಹನ್ನೆರಡು ಬರುತ್ತಿತ್ತು. ಹೇಳೋಣವೆಂದು ಬಾಯಿ ತೆರೆದೆ, ಮತ್ತೆ ಮಿಂಚಿತು. ಬೆರಳು. "ಆರಕ್ಕ ಬಂತು ನೋಡ್ರಿ." ಅವರ ಮುಖ ಸಣ್ಣದಾಯಿತು. ಉಪ್ಪಿಟ್ಟಿನ ತಾಟು ಹಿಡಿದಿದ್ದ ನನ್ನ ಕೈ ನಡುಗುತ್ತಿತ್ತು. ಮೂರನೆಯ ಮಿಂಚಿಗೆ ಮನೆಯ ದೀಪವೂ ಹೋಯಿತು. ಕತ್ತಲಲ್ಲಿ ಕಾಕಾನ ದನಿ: "ಮೂರು! ಹಿಂಗ ಇಳಕೋತ ಹೊಂಟ್ರ ಐದು ಮಿನಿಟಿನ್ಯಾಗ ಪೂರಾ ಮುಗೀತೈತ್ರಿ."

ಒಳಗಿನಿಂದ ಬಳೆ ಸದ್ದಾಯಿತು, ಸೆರಗು ಬಾಯಿಗೊತ್ತಿಕೊಂಡು ಯಾರೋ ನಕ್ಕರು. ಆ ನಗೆ ನನಗೆ ಹಿಡಿಸಿತ್ತು. ವಾರದ ಮೇಲೆ ಹೆಸರಬಲ ಕೂಡಲಿಲ್ಲ ಎಂದು ಹೇಳಿ ಕಳಿಸಿದರು.

ಇದಾಗಿ ಎರಡು ವರ್ಷ ನಾನು ಕಾಕಾನ ಜೊತೆ ಬಸ್ಸು ಹತ್ತಲಿಲ್ಲ. ಅವನಿಗೆ ಅದು ಗೊತ್ತೇ ಆಗಲಿಲ್ಲ ಎಂಬುದು ಬೇರೆ ಮಾತು. 2017ರಲ್ಲಿ ಸರ್ಕಾರ ಮೋಡ ಬಿತ್ತನೆಗೆಂದು ಗದಗಿನಲ್ಲಿ ರೇಡಾರ್ ಇಟ್ಟಾಗ ಅದನ್ನು ನೋಡಲು ಬುತ್ತಿ ಕಟ್ಟಿಕೊಂಡು ಹೋದನಂತೆ. ಫೋನಿಗೆ 'ಸಿಡಿಲು' ಆ್ಯಪ್, 'ದಾಮಿನಿ' ಆ್ಯಪ್ ಎರಡನ್ನೂ ಹಾಕಿಸಿಕೊಂಡು, ಅವು ಹೇಳಿದ್ದು ತನ್ನ ಬೆರಳಿಗೆ ಹೊಂದುತ್ತದೋ ಇಲ್ಲವೋ ಎಂದು ತಾಳೆ ನೋಡುತ್ತಾನೆ. ಅಮೆರಿಕದಲ್ಲಿ 2017ರ ಅಕ್ಟೋಬರಿನಲ್ಲಿ ಒಂದೇ ಮಿಂಚು 829 ಕಿಲೋಮೀಟರ್ ಉದ್ದ ಹರಿದಿತ್ತು, ವಿಶ್ವ ಹವಾಮಾನ ಸಂಸ್ಥೆ ಈಗ ಅದನ್ನು ದಾಖಲೆ ಎಂದು ಒಪ್ಪಿದೆ ಎಂದು ಓದಿ ಹೇಳಿದೆ. ಸುಮ್ಮನೆ ಕೂತ. ಆಮೇಲೆ, "ಅಂದ್ರ ಸವಡಿಯಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು. ಒಂದ ಟಿಕೀಟಿನ್ಯಾಗ" ಎಂದ.

ಅವನು ನಿವೃತ್ತನಾದ ಮೇಲೆ ಟ್ರಂಕು ತೆಗೆದು ಒರೆಸುವಾಗ ಒಂದು ಕಟ್ಟು ಸಿಕ್ಕಿತು. ಹಳೆಯ ವೇ ಬಿಲ್ಲುಗಳು. ಹಿಂಬದಿಯಲ್ಲಿ ನೀಲಿ ಶಾಯಿಯ ಸಣ್ಣ ಅಕ್ಷರ: ತಾರೀಕು, ಮಳೆ ನಕ್ಷತ್ರ, ಸ್ಟಾಪು, ದಿಕ್ಕು, ಎಣಿಕೆ. ನಡುವೆ ಒಂದು ಟೈಪಾದ ಕಾಗದ, ಮೆಮೊ. ಟಿಕೆಟ್ ಇಲ್ಲದ ಹದಿನಾಲ್ಕು ಮಂದಿ ಹೆಂಗಸರನ್ನು ಬಸ್ಸಿನಲ್ಲಿ ಕೂಡಿಸಿಕೊಂಡದ್ದಕ್ಕೆ ದಂಡ.

ಕೇಳಿದೆ. ಅವನಿಗೆ ಹೇಳುವ ಉಮೇದೇ ಇರಲಿಲ್ಲ, ಆ ದಿನದ ಮೋಡ ಅಷ್ಟೇನೂ ಚಂದ ಇರಲಿಲ್ಲವಂತೆ. ಹೆಸರು ಬಿಡಿಸಲು ಹೋಗಿದ್ದ ಹೆಂಗಸರು ಮಳೆ ಬಂತೆಂದು ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಒತ್ತಿ ನಿಂತಿದ್ದರು. ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಕಾಕಾನ ಎಣಿಕೆ ಪಾರ್ಥನಿಗೆ ಬಂದಿತ್ತು. ಸೀಟಿ ಊದಿ ನಿಲ್ಲಿಸಿ, ಬೈದು, ಎಳೆದು ಒಳಗೆ ತುಂಬಿದ. ಅವರ ಹತ್ತಿರ ರೊಕ್ಕ ಇರಲಿಲ್ಲ, ಅವರಿಗೆ ಎಲ್ಲಿಗೂ ಹೋಗಬೇಕಾಗಿಯೂ ಇರಲಿಲ್ಲ. ಮೋಡ ದಾಟುವವರೆಗೆ ಬಸ್ಸು ಅಲ್ಲೇ ನಿಂತಿತು. ತಗಡಿನ ಪೆಟ್ಟಿಗೆಯೊಳಗೆ ಕೂತರೆ ಸಿಡಿಲು ಹೊರಮೈ ಹಿಡಿದು ನೆಲಕ್ಕಿಳಿಯುತ್ತದೆ, ಒಳಗಿನವರಿಗೆ ಏನೂ ಮಾಡುವುದಿಲ್ಲ. ಗಿಡದ ಕೆಳಗೆ ಹಾಗಲ್ಲ. ಈ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಹೋಗುತ್ತಾರೆ, ಬಹುಪಾಲು ಹೊಲದಲ್ಲಿದ್ದವರು. ಚೆಕಿಂಗಿಗೆ ಬಂದವರು ಮಾತ್ರ ಎಣಿಸಿದ್ದು ತಲೆ.

"ಗಿಡಕ್ಕ ಸಿಡ್ಲು ಬಡೀತೇನ ಆಮ್ಯಾಲ?" ಎಂದೆ.

"ಇಲ್ಲೋ. ಏನೂ ಆಗಲಿಲ್ಲ. ಗಿಡ ಇನ್ನೂ ಐತಿ."

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆಲ್ಲ ಬಸ್ಸು ಪುಕ್ಕಟೆ ಆದಾಗ ಕಾಕಾ ಆ ಮೆಮೊ ಹೊರತೆಗೆದು ನಮ್ಮ ಚಿಗವ್ವನಿಗೆ ತೋರಿಸಿದ. "ನಾ ಮೊದಲ ಜಾರಿ ಮಾಡಿದ್ದೆ." ಆಕೆ ಅದನ್ನು ತೆಗೆದುಕೊಂಡು ಒಲೆಗೆ ಹಾಕುವೆನೆಂದಳು. ಹಾಕಲಿಲ್ಲ.

ಈಗ ಹುಬ್ಬಳ್ಳಿಯ ನನ್ನ ಮನೆಯ ಮೂರನೇ ಮಹಡಿಯಲ್ಲಿ ಮಿಂಚಿದರೆ ನನ್ನ ಬೆರಳೂ ಎದ್ದಿರುತ್ತದೆ. ಹೆಂಡತಿ ಕುಕ್ಕರಿನ ಸೀಟಿ ಎಣಿಸುತ್ತಿರುತ್ತಾಳೆ, ನಾನು ಗುಡುಗು. ಇಬ್ಬರ ಲೆಕ್ಕವೂ ತಪ್ಪಿ ಅನ್ನ ಮುದ್ದೆಯಾಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಒಳಗಿರಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಹೊರಗೆ ಬರಬಾರದು ಎಂದು ಮಕ್ಕಳಿಗೆ ಹೇಳುವಾಗ ನನ್ನ ದನಿಯಲ್ಲಿ ಕಾಕಾ ಕೇಳಿಸಿ ನನಗೇ ಸಿಟ್ಟು ಬರುತ್ತದೆ.

ಹೋದ ಮೇದಲ್ಲಿ ಸವಡಿಗೆ ಹೋಗಿದ್ದೆ. ಸಂಜೆ ಮೋಡ ಎದ್ದಿತ್ತು. ಪಡಸಾಲೆಯ ಬಾಗಿಲ ಒಳಗೆ ಇಬ್ಬರೂ ಕೂತೆವು. ದೂರ ಮಿಂಚಿತು, ಕಾಕಾನ ಬೆರಳು ಎದ್ದಿತು. ಆದರೆ ಈ ಸಲ ಅವನು ಅಂಕಿ ಎಣಿಸುತ್ತಿರಲಿಲ್ಲ. ಅರ್ಜುನ, ಫಲ್ಗುಣ, ಪಾರ್ಥ… ಸವ್ಯಸಾಚಿಗೆ ಗುಡುಗಿತು. ಕಾಕಾ ಧನಂಜಯ ಮುಗಿಸಿದ. ಮತ್ತೆ ಅರ್ಜುನನಿಂದ ಶುರು ಮಾಡಿದ. ಎರಡನೇ ಸುತ್ತು ಮುಗಿದಾಗ ನನ್ನ ಮುಖ ನೋಡಿದ. "ಗುಡುಗಿತೇನು?"

ಕಿವಿ ಯಾವಾಗ ಹೋಯಿತೋ. ಚಿಗವ್ವ ಒಳಗಿನಿಂದ, "ಆರ ತಿಂಗಳಾತು, ಯಾರಿಗೂ ಹೇಳಬ್ಯಾಡ ಅಂದಾನ" ಎಂದಳು, ಜೋರಾಗಿಯೇ. ಅವನಿಗೆ ಕೇಳಿಸಲಿಲ್ಲ.

ನಾನು ಸರಿದು ಹತ್ತಿರ ಕೂತೆ. ಮತ್ತೆ ಮಿಂಚಿತು, ಬೆರಳು ಏರಿತು. ಬೀಭತ್ಸು ಎನ್ನುವಾಗ ಸದ್ದು ಬಂತು, ಅವನ ಮೊಣಕಾಲಿನ ಮೇಲೆ ತಟ್ಟಿದೆ. ಬೆರಳು ಇಳಿಸಿ, ಸ್ವಲ್ಪ ಹೊತ್ತು ಲೆಕ್ಕ ಹಾಕಿ, ನನ್ನ ಕಡೆ ತಿರುಗಿದ.

"ಅರ್ಧ ಸೆಕೆಂಡ್ ಲೇಟ್ ತಟ್ಟಿದಿ. ಮುಂದಿನದಕ್ಕ ಲಕ್ಷ ಕೊಡು."