ಕೆಮ್ಮಬೇಡಿ, ಜೆಫ್ ಇದ್ದಾನೆ

ಆ ಜೆಫ್ ಅನ್ನೋ ರಾಕ್ಷಸ ಇದ್ದಾನಲ್ಲ, ಅವನಿಗೆ ಕಣ್ಣು ಕಾಣಿಸೋಲ್ಲ, ಆದರೆ ಕಿವಿ ಮಾತ್ರ ಪಾಪಿಯದು ಬಲು ಚುರುಕು. ‘ಹಾಫ್ ಲೈಫ್: ಅಲಿಕ್ಸ್’ ಅನ್ನೋ ವಿಆರ್ ವಿಡಿಯೊ ಗೇಮ್ ಆಡಿದವರು ಮಿಕ್ಕಿದ್ದೆಲ್ಲ ಮರೆತರೂ ಆ ವೋಡ್ಕಾ ಕಾರ್ಖಾನೆ ಒಂದನ್ನು ಮರೆಯೋದಿಲ್ಲ. ಎಲ್ಲಿ ನೋಡಿದರೂ ಬಾಟಲಿ. ಕಪಾಟಿನ ಬಾಗಿಲು ತೆಗೆದರೆ ಅದಕ್ಕೆ ಒರಗಿ ನಿಂತಿದ್ದ ಬಾಟಲಿ ಉರುಳಿ ಕಾಲ ಬುಡಕ್ಕೇ ಬರುತ್ತೆ. ಬಿದ್ದು ಒಡೆಯಿತೋ, ಮುಗೀತು, ಜೆಫ್ ಮಹಾಶಯರು ಅಲ್ಲಿಗೇ ಹಾಜರ್. ಯಾರೋ ಕಿಡಿಗೇಡಿ ಬೇಕಂತಲೇ ಜೋಡಿಸಿಟ್ಟ ಹಾಗಿದೆ ಅಂತೀರಾ? ಬೇಕಂತಲೇ ಜೋಡಿಸಿದ್ದು ರೀ, ಸಂಬಳ ತಗೊಂಡು ಜೋಡಿಸಿದ್ದು!

ಸಾಲದ್ದಕ್ಕೆ ಅಲ್ಲಿ ಗಾಳಿಯಲ್ಲಿ ಒಂಥರಾ ಬೂಷ್ಟಿನ ಪುಡಿ. ಮೂಗಿಗೆ ಹೋದರೆ ಆಟದ ನಾಯಕಿ ಅಲಿಕ್ಸ್‌ಗೆ ಕೆಮ್ಮು, ಕೆಮ್ಮಿದರೆ ಜೆಫ್. ಉಪಾಯ ಏನಪ್ಪಾ ಅಂದರೆ ಕೈಯಿಂದ ಬಾಯಿ ಮುಚ್ಚಿಕೊಳ್ಳೋದು. ಬಟನ್ ಒತ್ತೋದಲ್ಲ, ನಮ್ಮದೇ ಕೈ ಎತ್ತಿ ನಮ್ಮದೇ ಬಾಯಿಯ ಹತ್ತಿರ ಹಿಡೀಬೇಕು. ಈಗ ಲೆಕ್ಕ ಹಾಕಿ: ಒಂದು ಕೈ ಬಾಯಿ ಮೇಲೆ, ಇನ್ನೊಂದು ಕೈಯಲ್ಲಿ ಬಾಗಿಲ ಹಿಡಿ, ಬೀಳುತ್ತಿರೋ ಬಾಟಲಿ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು? ಆಗಷ್ಟೇ ಕಣ್ಣು ಮುಚ್ಚಿದ ಕೂಸಿನ ತೊಟ್ಟಿಲ ಪಕ್ಕದಿಂದ ತಾಯಿ ಹೊರಗೆ ಬರ್ತಾಳಲ್ಲ, ಆ ನಡಿಗೆ ಬಲ್ಲವರು ಈ ಅಧ್ಯಾಯ ಸಲೀಸಾಗಿ ದಾಟ್ತಾರೆ ಅಂತ ನನ್ನ ಅಂದಾಜು. ಬಂದೂಕು ಬಲ್ಲವರ ಆಟ ಇಲ್ಲಿ ನಡೆಯೋಲ್ಲ. ಎಷ್ಟು ಗುಂಡು ಹೊಡೆದರೂ ಜೆಫ್ ಜಪ್ಪಯ್ಯ ಅನ್ನೋಲ್ಲ. ಗುಂಡಿನ ಆಟ ಅಂತ ಹೆಸರು ಬೇರೆ!

ಈ ಆಟ ಬಂದ ದಿನ ನೆನಪಿದೆಯಾ? 2020ರ ಮಾರ್ಚ್ 23. ನಾವೆಲ್ಲ ತಟ್ಟೆ ಬಡಿದ ಜನತಾ ಕರ್ಫ್ಯೂ ಅದರ ಹಿಂದಿನ ದಿನ. ಮರುದಿನ ರಾತ್ರಿಯಿಂದ ಕೊರೊನಾ ಲಾಕ್‌ಡೌನ್. ಆಗ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸ್ತಿತ್ತು, ಆಮೇಲೆ ‘ಬಾಯಿ ಮುಚ್ಚಿಕೊಂಡು ಕೆಮ್ಮಿ’ ಅನ್ನೋ ಉಪದೇಶ. ನಮ್ಮತ್ತೆಯವರು ಪ್ರತಿ ಸಲವೂ ‘ಪಾಪ, ಯಾರಿಗೋ ಹುಷಾರಿಲ್ಲ’ ಅಂತಿದ್ರು. ಅದೇ ವಾರ ಅಮೆರಿಕದ ಒಂದು ಕಂಪನಿಯವರು ಬಾಯಿ ಮುಚ್ಚಿಕೊಂಡು ಕೆಮ್ಮು ತಡೆಯೋ ಆಟ ಬಿಟ್ಟಿದ್ದರು. ಅವರಿಗೇನು ಕನಸು ಬಿದ್ದಿರಲಿಲ್ಲ, ಆಟದ ತಯಾರಿ ವರ್ಷಗಟ್ಟಲೆ ಮೊದಲೇ ಶುರುವಾಗಿತ್ತು. ಆದರೂ ವಿಚಿತ್ರ ಅಲ್ವಾ?

ನಮ್ಮ ಅಣ್ಣನ ಮಗ ಇರೋದು ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿ. ಆಟ ಮಾಡಿದ ವಾಲ್ವ್ ಕಂಪನಿಯೂ ಅದೇ ಊರಿನದು. ಇವನಿಗೂ ಅವರಿಗೂ ಹುಲ್ಲುಕಡ್ಡಿಯಷ್ಟು ಸಂಬಂಧವಿಲ್ಲ, ಆದರೆ ಆಟದ ಮಾತು ಬಂದರೆ ‘ನಮ್ಮೂರಿನವರು ಮಾಡಿದ್ದು’ ಅಂತಾನೆ. ಹುಟ್ಟಿದ್ದು ಅರಸೀಕೆರೆ, ಮರೆತೇಬಿಟ್ಟ. ಹೋಗುವಾಗ ಚಟ್ನಿಪುಡಿ ತುಂಬಿಕೊಂಡು ಹೋದ ಸೂಟ್‌ಕೇಸಿನಲ್ಲೇ ವಾಪಸು ಬರುವಾಗ ಈ ಆಟಕ್ಕೆ ಬೇಕಾದ, ಕಣ್ಣಿಗೆ ಕಟ್ಟಿಕೊಳ್ಳೋ ಹೆಡ್‌ಸೆಟ್ಟು, ಎರಡು ಕೈಗೆ ಎರಡು ಹಿಡಿ, ಗೋಡೆಯ ಮೂಲೆಗೆ ಕೂರಿಸೋ ಎರಡು ಡಬ್ಬಿ ಎಲ್ಲ ತಂದ. ಇಂಡೆಕ್ಸ್ ಅಂತ ಅದರ ಹೆಸರು. ಪೂರ್ತಿ ಸೆಟ್ಟಿಗೆ ಆಗ 999 ಡಾಲರ್ ಇತ್ತು. ಸಾವಿರ ಅಂದುಬಿಟ್ಟರೆ ಗಂಟಲು ಕಟ್ಟುತ್ತೇನೋ, ನಮ್ಮ ಬಾಟಾ ಅಂಗಡಿ ಲೆಕ್ಕ ಅಲ್ಲಿಗೂ ಹೋಗಿದೆ. ಅದನ್ನು ಕೊಂಡವರಿಗೆ ಈ ಆಟ ಪುಕ್ಕಟೆಯಾಗಿ ಸಿಗುತ್ತಿತ್ತು. ಪುಕ್ಕಟೆ ಅಂದ ಕೂಡಲೇ ನಮ್ಮ ಅತ್ತಿಗೆಗೆ ಸ್ವಲ್ಪ ಸಮಾಧಾನ ಆಯಿತು. ಇದನ್ನು ಓಡಿಸೋಕೆ ಬೇಕಾದ ಕಂಪ್ಯೂಟರಿನ ಬೆಲೆ ಇನ್ನೂ ಯಾರೂ ಅವರಿಗೆ ಹೇಳಿಲ್ಲ, ನೀವೂ ಬಾಯಿ ಬಿಡಬೇಡಿ.

ನನಗೆ ಇದನ್ನೆಲ್ಲ ನೋಡಿದಾಗ ನೆನಪಾಗೋದು ಆ ಕನ್ನಡಕದ ಸಿನಿಮಾ. 1984ರಲ್ಲಿ ಮಲಯಾಳದವರು ‘ಮೈ ಡಿಯರ್ ಕುಟ್ಟಿಚಾತ್ತನ್’ ತೆಗೆದರಲ್ಲ, ನಮ್ಮ ದೇಶದ ಮೊದಲ 3ಡಿ ಚಿತ್ರ. ಆಮೇಲೆ ಅದೇ ‘ಛೋಟಾ ಚೇತನ್’ ಆಗಿ ಹಿಂದಿಯಲ್ಲೂ ಓಡಿತು. ಥಿಯೇಟರಿನ ಬಾಗಿಲಲ್ಲಿ ಕನ್ನಡಕ ಕೊಡೋರು, ಸಿನಿಮಾ ಮುಗಿದ ಮೇಲೆ ಬುಟ್ಟಿ ಹಿಡಿದು ನಿಂತು ವಾಪಸು ವಸೂಲಿ ಮಾಡೋರು. ಮದುವೆ ಮನೆ ಪಾತ್ರೆ ಎಣಿಸೋದರಲ್ಲಿ ಅಷ್ಟು ಕಟ್ಟುನಿಟ್ಟು ನಾನು ನೋಡಿಲ್ಲ. ತೆರೆಯಿಂದ ಏನಾದರೂ ಮೂಗಿನ ತನಕ ಬಂದರೆ ಸಾಕು, ಇಡೀ ಥಿಯೇಟರಿನ ಮಕ್ಕಳು ಕೈ ಚಾಚೋರು. ನನ್ನ ಮುಂದಿನ ಸಾಲಿನ ಒಬ್ಬ ಯಜಮಾನರೂ ಚಾಚಿದರು. ಯಾರೂ ನೋಡಲಿಲ್ಲ ಅಂದುಕೊಂಡು ತಲೆ ಕೆರೆದುಕೊಂಡರು. ಕೈಗೆ ಸಿಕ್ಕಿದ್ದು ಗಾಳಿ. ಅಂದಿನಿಂದ ಇವತ್ತಿನ ತನಕ ಎಲ್ಲ 3ಡಿ ಸಿನಿಮಾಗಳದ್ದೂ ಅದೇ ಹಣೆಬರಹ, ಕಣ್ಣಿಗೆ ಊಟ, ಕೈಗೆ ಉಪವಾಸ.

ಅಲಿಕ್ಸ್‌ನಲ್ಲಿ ಚಾಚಿದ ಕೈಗೆ ಸಿಗುತ್ತೆ ನೋಡಿ. ನನಗೆ ಕೇಳಿದರೆ ಇಡೀ ಆಟದ ಗುಟ್ಟು ಇಷ್ಟೇ. ಭೂಮಿ ಆಕ್ರಮಿಸಿದ ಪರಕೀಯರ ಕಾಂಬೈನ್ ಸೈನಿಕರು, ಅವರು ಆಳೋ ಸಿಟಿ 17 ನಗರ, ಸೆರೆಸಿಕ್ಕ ಅಪ್ಪ ಈಲೈ, ಆಕಾಶದಲ್ಲಿ ತೂಗೋ ಕಟ್ಟಡ, ಎಲ್ಲ ಸರಿ, ಇರಲಿ. ಆದರೆ ಜನ ಹೊತ್ತು ಕಳೆಯೋದು ಯಾವುದರಲ್ಲಿ? ಮೇಜಿನ ಡ್ರಾಯರ್ ಎಳೆದು ತಡಕೋದರಲ್ಲಿ. ಡಬ್ಬ ಎತ್ತಿ ಹಿಂದೆ ನೋಡು, ರಟ್ಟಿನ ಪೆಟ್ಟಿಗೆ ಅಲ್ಲಾಡಿಸು, ಹಳೇ ಪೇಪರ್ ಸರಿಸು. ಹಾಕಿಕೊಂಡಿರೋ ಗವಸೂ ಅದಕ್ಕೆ ತಕ್ಕದ್ದು: ಆಚೆ ಮೂಲೆಯ ವಸ್ತುವಿನ ಕಡೆ ಕೈ ತೋರಿಸಿ, ಮಣಿಕಟ್ಟು ಹೀಗೆ ಚಿಮ್ಮಿಸಿದರೆ ಅದು ಹಾರಿ ಬರುತ್ತೆ, ಗಪ್ಪನೆ ಹಿಡೀಬೇಕು. ಬಗ್ಗೋ ತಾಪತ್ರಯವೇ ಇಲ್ಲ. ನನ್ನ ಸೊಂಟಕ್ಕೆ ಇದಕ್ಕಿಂತ ದೊಡ್ಡ ಉಪಕಾರ ವಿಜ್ಞಾನ ಮಾಡಿಲ್ಲ. ಸಿಕ್ಕಿದ್ದನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿದರೆ ಬೆನ್ನ ಚೀಲಕ್ಕೆ ಬಿತ್ತು.

ಗುಂಡು ತುಂಬೋದೂ ಕೈಕೆಲಸವೇ. ಮಿಕ್ಕ ಆಟಗಳಲ್ಲಿ ಒಂದು ಬಟನ್ ಒತ್ತಿದರೆ ಮುಗೀತು. ಇಲ್ಲಿ ಖಾಲಿ ಮ್ಯಾಗಝಿನ್ ಬೀಳಿಸು, ಹೆಗಲ ಹಿಂದೆ ಕೈ ಹಾಕಿ ಹೊಸದು ತೆಗೆ, ಹಿಡಿಯೊಳಗೆ ತೂರಿಸು, ಮೇಲಿನ ಸ್ಲೈಡ್ ಸರಿಮಾಡು. ಸುಮ್ಮನೆ ಕೂತು ಮಾಡಿದರೆ ಸಣ್ಣ ಮಕ್ಕಳ ಕೆಲಸ. ಎದುರಿಗೆ ಹೆಡ್‌ಕ್ರ್ಯಾಬ್ ಅನ್ನೋ ಏಡಿಯಂಥ ಜಂತು ಹಾರೋಕೆ ಕಾಲು ಮಡಚಿದಾಗ ಮಾತ್ರ ಹತ್ತೂ ಬೆರಳು ಹತ್ತು ದಿಕ್ಕಿಗೆ. ನಮ್ಮ ಹುಡುಗನ ಸ್ನೇಹಿತ ಒಬ್ಬ ಇದ್ದಾನೆ, ಮಿಕ್ಕ ಆಟಗಳಲ್ಲಿ ನೂರಾರು ಜನರನ್ನು ಮಲಗಿಸಿದ ಶೂರ. ಇಲ್ಲಿ ಒಂದು ಹೆಡ್‌ಕ್ರ್ಯಾಬ್ ಬಂದಾಗ ಮ್ಯಾಗಝಿನ್ ಕೆಳಗೆ ಹಾಕಿ, ಖಾಲಿ ಪಿಸ್ತೂಲನ್ನೇ ಅದರ ಮೇಲೆ ಬೀಸಿ, ‘ಅಮ್ಮಾ’ ಅಂದ. ಅವರಮ್ಮ ಒಳಗಿಂದ ‘ಏನೋ?’ ಅಂದರು.

ಹಳೇ ಅಭಿಮಾನಿಗಳ ಒಂದು ಕೊರಗು ಅಂದರೆ ಕಬ್ಬಿಣದ ಹಾರೆ ಇಲ್ಲದಿರೋದು. ಹಾಫ್ ಲೈಫ್ ಸರಣಿಯ 1998ರ ಮೊದಲ ಆಟದಿಂದ ನಾಯಕ ಗಾರ್ಡನ್ ಫ್ರೀಮನ್ ಕೈಯಲ್ಲಿ ಅದು ಇತ್ತಲ್ಲ. ಇಲ್ಲೂ ಕೊಟ್ಟು ನೋಡಿದರಂತೆ. ಪರೀಕ್ಷೆಗೆ ಬಂದವರು ಅದನ್ನು ಬಾಗಿಲಿಗೆ, ಕುರ್ಚಿಗೆ ಎಲ್ಲದಕ್ಕೂ ಸಿಕ್ಕಿಸಿಕೊಂಡು ಒದ್ದಾಡಿದರು. ಜೊತೆಗೆ ಹಾರೆ ಹಿಡಿದ ತಕ್ಷಣ ತಾವೇ ಗಾರ್ಡನ್ ಅಂದುಕೊಂಡುಬಿಟ್ಟರು. ಹಾಗಾಗಿ ತೆಗೆದುಹಾಕಿದರು. ಅದರ ಬದಲಿಗೆ ಟೋಪಿ ಉಂಟು! ಸಿಕ್ಕಿದ ಹೆಲ್ಮೆಟ್ ಎತ್ತಿ ನಿಮ್ಮ ತಲೆ ಮೇಲೆ ನೀವೇ ಇಟ್ಟುಕೊಳ್ಳಬಹುದು. ಸೂರಿಗೆ ಅಂಟಿಕೊಂಡು ನಾಲಿಗೆ ಇಳಿಬಿಡೋ ಬಾರ್ನಕಲ್ ಇದೆಯಲ್ಲ, ಅದು ನಿಮ್ಮ ತಲೆಗೆ ಬಾಯಿ ಹಾಕಿದರೆ ಹೆಲ್ಮೆಟ್ ಮಾತ್ರ ಎಳಕೊಂಡು ಹೋಗುತ್ತೆ. ಇದನ್ನು ಆಟದಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಡೋಲ್ಲ. ತಾನಾಗಿ ಕಂಡುಕೊಂಡವನ ಮುಖ ನೋಡಬೇಕು ಆಗ, ಲಾಟರಿ ಹೊಡೆದಿದ್ದೂ ಕಡಿಮೆ.

ಇನ್ನು ಆ ರಸ್ಸೆಲ್. ಗವಸು ಮಾಡಿಕೊಟ್ಟ ಪುಣ್ಯಾತ್ಮ. ಕಿವಿಯಲ್ಲಿ ವಟವಟ ಅಂತ ಮಾತಾಡ್ತಾ ನಮ್ಮ ಜೊತೆಗಿರ್ತಾನೆ. ಆ ದನಿ ನ್ಯೂಜಿಲೆಂಡಿನ ಹಾಸ್ಯಗಾರ ರೀಸ್ ಡಾರ್ಬಿಯದು. ಒಂದು ಕಡೆ ಅವನು ಕ್ಲಬ್ ಸ್ಯಾಂಡ್‌ವಿಚ್ ನೆನೆಸಿಕೊಂಡು ಬಾಯಲ್ಲಿ ನೀರೂರಿಸ್ತಾನೆ. ಅಲಿಕ್ಸ್‌ಗೆ ಅದೇನು ಅಂತಲೇ ಗೊತ್ತಿಲ್ಲ. ಪಾಪ, ಭೂಮಿ ಪರಕೀಯರ ಪಾಲಾದ ಮೇಲೆ ಬೆಳೆದ ಹುಡುಗಿ, ಹೋಟೆಲ್ ಎಲ್ಲಿಂದ ಕಾಣಬೇಕು? ಪ್ರಪಂಚ ಹಾಳಾದದ್ದನ್ನು ತೋರಿಸೋಕೆ ಎಷ್ಟು ಸಿನಿಮಾಗಳಲ್ಲಿ ಎಷ್ಟು ಸೇತುವೆ ಬೀಳಿಸಿದ್ದಾರೆ. ಇಲ್ಲಿ ಒಂದು ತಿಂಡಿಯ ಹೆಸರು ಗೊತ್ತಿಲ್ಲದ ಹುಡುಗಿ ಸಾಕಾಯಿತು. ನಾಳೆ ಹುಟ್ಟೋ ಮಗುವಿಗೆ ಮಸಾಲೆ ದೋಸೆ ಅಂದರೇನು ಅಂತ ವಿವರಿಸಬೇಕಾಗಿ ಬಂದರೆ ಎಲ್ಲಿಂದ ಶುರು ಮಾಡ್ತೀರಿ? ಅಕ್ಕಿ ನೆನೆಸೋದರಿಂದಲೋ, ಕೆಂಪು ಚಟ್ನಿಯಿಂದಲೋ? ನಾನಂತೂ ಬಿಸಿ ಕಾವಲಿಗೆ ನೀರು ಚಿಮುಕಿಸೋ ಸದ್ದಿನಿಂದ ಶುರು ಮಾಡ್ತೀನಿ.

ಎಲ್ಲಿದ್ದೆ? ಹಾಂ, ಬಾಟಲಿ. ಆಟ ಬಿಡುಗಡೆಯಾದಾಗ ಆ ಬಾಟಲಿಗಳೊಳಗೆ ಅಲ್ಲಾಡೋ ದ್ರವ ಇರಲಿಲ್ಲ. ಯಾರಿಗೂ ಕೊರತೆ ಅನ್ನಿಸಿರಲೂ ಇಲ್ಲ. ಒಂದೆರಡು ತಿಂಗಳಾದ ಮೇಲೆ ಒಂದು ಅಪ್‌ಡೇಟ್ ಬಂತು, ಬಾಟಲಿ ಕುಲುಕಿದರೆ ಒಳಗೆ ತುಳುಕೋಕೆ ಶುರುವಾಯಿತು, ನೊರೆ ಗುಳ್ಳೆ ಸಮೇತ. ನಿಜವಾಗಿ ನೀರಿನ ಲೆಕ್ಕ ಹಾಕೋದಿಲ್ಲವಂತೆ, ಗಾಜಿನ ಮೇಲೆ ಬಣ್ಣ ಬಳಿಯೋ ಕಣ್ಕಟ್ಟು. ಕುಡಿಯೋಕಂತೂ ಆಗೋದಿಲ್ಲ. ಆದರೂ ಜನ ಲೋಕ ಉಳಿಸೋದು ಬಿಟ್ಟು ಬಾಟಲಿ ಕುಲುಕ್ತಾ ಕೂತರು. ಆ ಕಂಪನಿಯವರ ಮೇಲೆ ಸಿಟ್ಟು ಬರೋದೂ ಇಲ್ಲೇ ನೋಡಿ. 2007ರಲ್ಲಿ ಎರಡನೇ ಆಟದ ಮುಂದುವರಿದ ಕಥೆಯನ್ನು ಒಳ್ಳೇ ಅಳುವ ಜಾಗದಲ್ಲಿ ನಿಲ್ಲಿಸಿ ಎದ್ದುಹೋದರು. ಹದಿಮೂರು ವರ್ಷ ಕಾಯಿಸಿ ಕೊಟ್ಟದ್ದು ಮುಂದಿನ ಕಥೆಯಲ್ಲ, ಹಿಂದಿನ ಕಥೆ. ಮೂರನೇ ಆಟ ಬರದ್ದಕ್ಕೆ, ಅವರಿಗೆ ಮೂರು ಎಣಿಸೋಕೆ ಬರೋಲ್ಲ ಅಂತ ಹುಡುಗರು ಹಾಸ್ಯ ಮಾಡ್ತಾರೆ. ಬಾಟಲಿಗೆ ನೊರೆ ಬರಿಸೋಕೆ ಬರುತ್ತೆ, ಮೂರು ಬರೋಲ್ಲ! ಹಾಗಂತ ಬೈದು ಮುಗಿಸೋಕೂ ಆಗೋಲ್ಲ, ಯಾಕಂದರೆ ಆ ನೊರೆ ಚೆನ್ನಾಗಿದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಆ ಮೇಷ್ಟ್ರು. ಆಟದ ಆರಂಭದಲ್ಲಿ ಕಿಟಕಿ ಗಾಜಿನ ಮೇಲೆ ಬರೆಯೋಕೆ ಬಣ್ಣದ ಮಾರ್ಕರ್ ಇಟ್ಟಿರ್ತಾರಲ್ಲ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಒಬ್ಬ ಗಣಿತದ ಮೇಷ್ಟ್ರು ಶಾಲೆ ಮುಚ್ಚಿದ ಆ ದಿನಗಳಲ್ಲಿ ಅದೇ ಗಾಜನ್ನು ಬೋರ್ಡ್ ಮಾಡಿಕೊಂಡು ಮಕ್ಕಳಿಗೆ ಕೋನಗಳ ಪಾಠ ಹೇಳಿ ವೀಡಿಯೊ ಹಾಕಿದರು. ಹಿಂದೆ ಪರಕೀಯರು ಆಳೋ ನಗರ, ಮುಂದೆ ಪೂರಕ ಕೋನ. ಒಂದು ಗುಂಡೂ ಹಾರಿಸಲಿಲ್ಲ. ತಯಾರಕರು ಮಾರ್ಕರ್ ಇಟ್ಟಿದ್ದು ಗೀಚೋಕೆ, ಈ ಮನುಷ್ಯನಿಗೆ ಕಂಡದ್ದು ಸೀಮೆಸುಣ್ಣ. ನಮ್ಮ ಹೈಸ್ಕೂಲಿನಲ್ಲಿ ಡಸ್ಟರ್ ಇಲ್ಲ ಅಂತ ಅಂಗೈಯಲ್ಲೇ ಒರೆಸಿ, ಮಧ್ಯಾಹ್ನದ ಹೊತ್ತಿಗೆ ಮೀಸೆಯೆಲ್ಲ ಬೆಳ್ಳಗಾಗಿರೋ ಮೇಷ್ಟ್ರೊಬ್ಬರಿದ್ದರು. ಅವರಿಗೆ ಇದು ಸಿಕ್ಕಿದ್ದರೆ ಪ್ರಮೇಯಗಳನ್ನು ಆಕಾಶದ ತನಕ ಬರೀತಿದ್ದರು ಅನ್ನಿ.

ಅಂದ ಹಾಗೆ ಆ ಹೆಡ್‌ಸೆಟ್ಟು ನೀವೂ ಒಮ್ಮೆ ಹಾಕಿಕೊಂಡು ನೋಡಬೇಕು ಅಂತಿದ್ರಲ್ಲ. ಅಣ್ಣನ ಮಗ ಇನ್ನೂ ಒಂದು ವಾರ ಇರ್ತಾನೆ, ಬನ್ನಿ. ತಲೆ ಸುತ್ತುತ್ತೆ ಅನ್ನೋ ಹೆದರಿಕೆ ಬೇಡ. ಕಣ್ಣು ‘ನಡೀತಿದ್ದೀನಿ’ ಅನ್ನುತ್ತೆ, ಕಿವಿಯೊಳಗಿನ ತಕ್ಕಡಿ ‘ಇಲ್ಲ, ನಿಂತೇ ಇದ್ದೀಯ’ ಅನ್ನುತ್ತೆ, ಎರಡರ ಜಗಳದಲ್ಲಿ ಹೊಟ್ಟೆಗೆ ಸಂಕಟ, ಅಷ್ಟೇ. ಅದಕ್ಕೇ ನಡೆಯೋದರ ಬದಲು ಬೇಕಾದ ಜಾಗಕ್ಕೆ ಕೈ ತೋರಿಸಿ ನೆಗೆಯೋ ಏರ್ಪಾಡು ಇಟ್ಟಿದ್ದಾರೆ, ಅದನ್ನೇ ಆರಿಸಿಕೊಳ್ಳಿ. ಕುರ್ಚಿಯಲ್ಲಿ ಕೂತೂ ಆಡಬಹುದು. ಕೈ ಬೀಸೋ ಅಭ್ಯಾಸ ನಿಮಗೆ ಜಾಸ್ತಿ, ಹಾಗಾಗಿ ಫ್ಯಾನ್ ಆರಿಸಿ, ಟೀಪಾಯಿ ಮೇಲಿನ ಹೂದಾನಿ ಒಳಗಿಡ್ತೀನಿ. ಬರೋದಾದರೆ ಊಟಕ್ಕೆ ಮುಂಚೆ ಬನ್ನಿ, ಅವತ್ತು ಬಿಸಿಬೇಳೆ ಭಾತು ಮಾಡೋರಿದ್ದಾರೆ. ಅದನ್ನು ತಿಂದು ಹಾಕಿಕೊಂಡರೆ ನಾನು ಹೊಣೆಯಲ್ಲ.