ದೀಪನಿಯಂತ್ರಣ ಪರಿಭಾಷಾ ವಿಚಾರ: ಅಲುಗಾಡದವನ ಅಸ್ತಿತ್ವ ಪ್ರಕರಣ

ಕಟ್ಟಡದ ದೀಪಗಳನ್ನು ಯಾವಾಗ ಹೊತ್ತಿಸಬೇಕು, ಎಷ್ಟು ಬೆಳಗಿಸಬೇಕು, ಯಾವಾಗ ಆರಿಸಬೇಕು ಎಂಬ ನಿರ್ಣಯವನ್ನು ಮನುಷ್ಯನ ಕೈಯಿಂದ ಬಿಡಿಸಿ ಯಂತ್ರಕ್ಕೆ ಒಪ್ಪಿಸುವ ವಿದ್ಯೆಗೆ ದೀಪನಿಯಂತ್ರಣ ಶಾಸ್ತ್ರವೆಂದು ಹೆಸರು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ ಮೇಲೆ ಬಹುಕಾಲ ಮನೆಮನೆಯಲ್ಲೂ ಈ ಶಾಸ್ತ್ರಕ್ಕೆ ಇದ್ದದ್ದು ಸ್ವಿಚ್ಚು ಎಂಬ ಒಂದೇ ಸೂತ್ರ. ಅದರ ಮೇಲಿನ ಅಧಿಕೃತ ಭಾಷ್ಯವೆಂದರೆ ಕೋಣೆಯಿಂದ ಹೊರಟ ಮಗನ ಬೆನ್ನಿಗೆ ಹಿರಿಯರು ಕೂಗಿ ಹೇಳುತ್ತಿದ್ದ "ಲೈಟ್ ಆರ್ಸಿ ಹೋಗೋ" ಎಂಬ ವಾಕ್ಯ. ಇಂಥ ಭಾಷ್ಯಕಾರರು ಕಚೇರಿಗಳಲ್ಲಿ ದೊರೆಯದ ಕಾರಣ, ಅವರ ಪೀಠದಲ್ಲಿ, ಅಂದರೆ ಫಾಲ್ಸ್ ಸೀಲಿಂಗಿನ ನಡುಮಧ್ಯದಲ್ಲಿ, ಆಕ್ಯುಪೆನ್ಸಿ ಸೆನ್ಸರ್ ಎಂಬ ಬಿಳಿಯ ಗುಬುಟನ್ನು ಪ್ರತಿಷ್ಠಾಪಿಸಲಾಯಿತು.

ಕೋಣೆಯಲ್ಲಿ ಜನರಿದ್ದಾರೆಯೇ ಎಂಬುದನ್ನು ತಿಳಿದು ದೀಪಕ್ಕೆ ತಿಳಿಸುವುದು ಇದರ ಲಕ್ಷಣ. ಇದರ ಪ್ರಭೇದಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಪಿಐಆರ್ ತಾನಾಗಿ ಯಾವ ಕಿರಣವನ್ನೂ ಬೀರುವುದಿಲ್ಲ. ತನ್ನ ಮುಖದ ಪಟ್ಟಿಪಟ್ಟಿ ಮಸೂರದಿಂದ ಕೋಣೆಯನ್ನು ಹಲವು ಸೀಳುಗಳಾಗಿ ವಿಭಾಗಿಸಿಕೊಂಡು, ಬೆಚ್ಚಗಿನ ದೇಹವೊಂದು ಒಂದು ಸೀಳಿನಿಂದ ಇನ್ನೊಂದಕ್ಕೆ ದಾಟುವಾಗ ಉಂಟಾಗುವ ಶಾಖದ ವ್ಯತ್ಯಾಸವನ್ನಷ್ಟೇ ಗ್ರಹಿಸುತ್ತದೆ. ಅಂದರೆ ಅದಕ್ಕೆ ಕಾಣುವುದು ಮನುಷ್ಯನಲ್ಲ, ಮನುಷ್ಯನ ಚಲನೆ ಮಾತ್ರ.

ಇಲ್ಲಿಯೇ ಪ್ರಮಾಣಶಾಸ್ತ್ರದ ತೊಡಕು ಎದುರಾಗುತ್ತದೆ. ಒಂದು ವಸ್ತು ಕಾಣದಿರುವುದರಿಂದಲೇ ಅದು ಇಲ್ಲವೆಂದು ತಿಳಿಯುವುದಕ್ಕೆ ಅನುಪಲಬ್ಧಿ ಎಂದು ಹೆಸರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದವರಾದರೂ, ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಿಗೆ ಮಾತ್ರ ಇದು ಸಲ್ಲುತ್ತದೆ ಎಂಬ ಯೋಗ್ಯತೆಯ ಕಟ್ಟುಪಾಡನ್ನು ವಿಧಿಸಿದ್ದರು. ಹಗಲಿನಲ್ಲಿ ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡವಿಲ್ಲ, ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಪಿಐಆರ್ ಈ ಕಟ್ಟುಪಾಡನ್ನು ಕೈಬಿಟ್ಟ ಮೀಮಾಂಸಕ. ಕಡತದ ಮೇಲೆ ಕಣ್ಣು ನೆಟ್ಟು ಅಲುಗಾಡದೆ ಓದುತ್ತಿರುವ ಗುಮಾಸ್ತ ಅದಕ್ಕೆ ಕಾಣುವ ಯೋಗ್ಯತೆಯೇ ಇಲ್ಲದ ಪದಾರ್ಥವಾಗಿದ್ದರೂ, ಕಾಣಲಿಲ್ಲವಾದ್ದರಿಂದ ಇಲ್ಲವೆಂದು ಅದು ತೀರ್ಮಾನಿಸುತ್ತದೆ. ಗಳಿಗೆಗೊಮ್ಮೆ ಕಾಫಿಗೆ ಎದ್ದು ಓಡಾಡುವ ಪಕ್ಕದ ಮೇಜಿನವನ ಅಸ್ತಿತ್ವವಾದರೋ ನಿರ್ವಿವಾದ. ಏಕಾಗ್ರತೆ ಹೆಚ್ಚಿದಷ್ಟೂ ಅಭಾವ ಹೆಚ್ಚುತ್ತದೆ ಎಂಬ ಈ ಸಿದ್ಧಾಂತವನ್ನು ಯೋಗಶಾಸ್ತ್ರಜ್ಞರು ಬಹುಶಃ ಒಪ್ಪಿಯಾರು, ಆಡಿಟರುಗಳು ಒಪ್ಪಲಾರರು.

ಪ್ರತಿವಾದಿಯ ಸ್ಥಾನದಲ್ಲಿರುವುದು ಅಲ್ಟ್ರಾಸಾನಿಕ್ ಸೆನ್ಸರ್. ಕಿವಿಗೆ ಕೇಳಿಸದ ಶಬ್ದವನ್ನು ಕೋಣೆಯ ತುಂಬ ಹರಡಿ, ಮರಳಿ ಬಂದ ಪ್ರತಿಧ್ವನಿಯ ಸ್ಥಾಯಿಯಲ್ಲಿನ ಏರಿಳಿತವನ್ನು ಪರೀಕ್ಷಿಸುವ ಇದು ಅಡ್ಡಗೋಡೆಯ ಮರೆಯಲ್ಲಿದ್ದವರನ್ನೂ ಪತ್ತೆಹಚ್ಚಬಲ್ಲದು. ಶೌಚಾಲಯಗಳಲ್ಲಿ ಇದರ ಉಪಕಾರವನ್ನು ಅನುಭವಿಸಿದವರೇ ಬಲ್ಲರು. ಆದರೆ ಗಾಳಿಗೆ ಓಲಾಡುವ ಕಿಟಕಿಯ ಪರದೆಯೂ ಇದರ ಮತದಲ್ಲಿ ಒಬ್ಬ ಸಿಬ್ಬಂದಿಯೇ. ಒಂದು ಇದ್ದವನನ್ನು ಇಲ್ಲವೆನ್ನುವುದರಿಂದಲೂ ಇನ್ನೊಂದು ಇಲ್ಲದವನನ್ನು ಇದ್ದಾನೆನ್ನುವುದರಿಂದಲೂ, ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಸಮನ್ವಯ ಸಾಧಿಸಿದ್ದು ಡ್ಯುಯಲ್ ಟೆಕ್ನಾಲಜಿ ಎನಿಸಿಕೊಂಡಿತು. ಇದರಲ್ಲಿ ಸಾಮಾನ್ಯವಾಗಿ ದೀಪ ಹೊತ್ತಲು ಇಬ್ಬರ ಒಪ್ಪಿಗೆಯೂ ಬೇಕು, ಉರಿಯುತ್ತಿರಲು ಒಬ್ಬರದ್ದು ಸಾಕು.

ಕೊನೆಯ ಚಲನೆಗೂ ದೀಪನಿರ್ವಾಣಕ್ಕೂ ನಡುವಿನ ಅವಕಾಶವೇ ಟೈಮ್ ಡಿಲೇ. ಭಾರತದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು, ಜನರು ಕೋಣೆ ತೊರೆದ 15 ನಿಮಿಷಗಳೊಳಗೆ ಇಂಥ ಸೆನ್ಸರ್ ದೀಪವನ್ನು ಆರಿಸಬೇಕೆಂದು ವಿಧಿಸಿರುವುದರಿಂದ, ಚಲನರಹಿತ ಮನುಷ್ಯನ ಪರಮಾಯುಷ್ಯ 15 ನಿಮಿಷವೆಂದು ಹೇಳಿದರೆ ಶಾಸ್ತ್ರವಿರೋಧವಾಗದು. ಆಯುಷ್ಯ ತೀರಿದವನು ಕತ್ತಲಲ್ಲಿ ಎರಡೂ ಕೈಗಳನ್ನೆತ್ತಿ ಛಾವಣಿಯ ಕಡೆಗೆ ಬೀಸುವ, ಎಲ್ಲ ಕಚೇರಿಗಳಲ್ಲೂ ಆಚರಣೆಯಲ್ಲಿರುವ ಕ್ರಿಯೆಗೆ ಮಾತ್ರ ತಯಾರಕರ ಕೈಪಿಡಿಗಳು ಹೆಸರಿಡದೆ ಬಿಟ್ಟಿವೆ. ಪುನರ್ಜನ್ಮ ಮುದ್ರೆ ಎಂಬುದು ಉಚಿತವಾದೀತು. ವೇಕೆನ್ಸಿ ಸೆನ್ಸರ್ ಎಂಬ ಮತ್ತೊಂದು ಪಂಥದಲ್ಲಿ ಈ ಮುದ್ರೆಯೂ ಸಾಮಾನ್ಯವಾಗಿ ನಿಷ್ಫಲ, ಏಕೆಂದರೆ ಅದು ದೀಪವನ್ನು ತಾನಾಗಿ ಆರಿಸುತ್ತದೆಯೇ ಹೊರತು ತಾನಾಗಿ ಹೊತ್ತಿಸುವುದಿಲ್ಲ. ಎದ್ದುಹೋಗಿ ಸ್ವಿಚ್ಚು ಒತ್ತಬೇಕು.

ಬೆಳಕಿನ ಪ್ರಮಾಣವನ್ನು ಏರಿಳಿಸುವುದು ಡಿಮ್ಮಿಂಗ್. ಮಾಪಕಕ್ಕೆ ಹತ್ತರಲ್ಲೊಂದು ಪಾಲಾಗಿ ತೋರುವ ಬೆಳಕು ಕಣ್ಣಿಗೆ ಸುಮಾರು ಮೂರರಲ್ಲೊಂದು ಪಾಲಾಗಿ ತೋರುವ ಕಾರಣ, ಮಾಪಕವನ್ನು ನಂಬಬೇಕೋ ಕಣ್ಣನ್ನೋ ಎಂಬ ಜಿಜ್ಞಾಸೆ ಇಲ್ಲಿದೆ. ಕಿಟಕಿಯ ಬಿಸಿಲು ಹೆಚ್ಚಿದಂತೆ ದೀಪವನ್ನು ಇಳಿಸುವ ಉಪಾಯಕ್ಕೆ ಡೇಲೈಟ್ ಹಾರ್ವೆಸ್ಟಿಂಗ್ ಎಂದು ಹೆಸರು. ಪರದೆ ಎಳೆದು ಕೂರುವ ಕಚೇರಿಗಳಲ್ಲಿ ಇದರ ಚರ್ಚೆ ಅನವಶ್ಯಕ.

ಈ ದೀಪಗಳೆಲ್ಲ ಒಂದಾಗಿ ಬಾಳುವ ಸಮಾಜವ್ಯವಸ್ಥೆಗಳಲ್ಲಿ ಡಾಲಿ ಪ್ರಸಿದ್ಧವಾದದ್ದು. ಎರಡು ತಂತಿಗಳ ಒಂದು ಓಣಿಯಲ್ಲಿ ಗರಿಷ್ಠ 64 ದೀಪಗಳಿಗೆ ವಿಳಾಸ, 16 ಗುಂಪುಗಳು, 16 ದೃಶ್ಯಗಳು. ದೃಶ್ಯವೆಂದರೆ ಸಭೆಗೆ ಇಷ್ಟು, ಪರದೆಯ ಮೇಲೆ ಚಿತ್ರ ತೋರಿಸುವಾಗ ಇಷ್ಟು ಎಂದು ಪ್ರತಿ ದೀಪವೂ ಕಂಠಸ್ಥ ಮಾಡಿಟ್ಟುಕೊಂಡ ಬೆಳಕಿನ ಮಟ್ಟ. ಒಂದು ದೀಪವು ಏಕಕಾಲಕ್ಕೆ ಹಲವು ಗುಂಪುಗಳಲ್ಲಿ ಸದಸ್ಯತ್ವ ಪಡೆದು, ಯಾವ ಗುಂಪಿನ ಆಜ್ಞೆ ಕೊನೆಗೆ ಬಂತೋ ಅದಕ್ಕೆ ತಲೆಬಾಗುತ್ತದೆಂಬುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ವಿಳಾಸ ಹಂಚುವ ಸಂಸ್ಕಾರವೇ ಕಮಿಷನಿಂಗ್: ಪ್ರತಿ ದೀಪವೂ ತನಗೆ ತೋಚಿದ ಅಂಕಿಯನ್ನು ಆರಿಸಿಕೊಳ್ಳುತ್ತದೆ, ನಿಯಂತ್ರಕವು ಆ ಅಂಕಿಗಳನ್ನು ಜಾಲಾಡಿ ಒಂದೊಂದಕ್ಕೂ ವಿಳಾಸ ಕೊಡುತ್ತದೆ. ಇಷ್ಟೆಲ್ಲ ಗಣಿತ ಮುಗಿದ ಮೇಲೂ ಹದಿನೇಳನೆಯ ವಿಳಾಸದ ದೀಪ ಛಾವಣಿಯಲ್ಲಿ ಎಲ್ಲಿದೆಯೆಂಬುದು ನಿಯಂತ್ರಕಕ್ಕೆ ಗೊತ್ತಿರುವುದಿಲ್ಲವಾದ್ದರಿಂದ, ಅದನ್ನು ಮಿಣುಕಿಸಿ, ಕೆಳಗೆ ನಿಂತ ಹುಡುಗನೊಬ್ಬ "ಇದೇ ಸಾರ್, ಕಂಬದ ಪಕ್ಕದ್ದು" ಎಂದು ಕೂಗುವುದನ್ನು ಕಾಯಬೇಕಾಗುತ್ತದೆ.

ಕಡೆಯದಾಗಿ ಸಿಸ್ಟಮ್ ಫೇಲ್ಯೂರ್ ಲೆವೆಲ್. ಆಜ್ಞೆ ಒಯ್ಯುವ ತಂತಿಯಲ್ಲಿ ವೋಲ್ಟೇಜು ನಿಂತುಹೋದಾಗ ದೀಪವು ತಲುಪಬೇಕಾದ ಮಟ್ಟಕ್ಕೆ ಈ ಹೆಸರು. ಯಾರೂ ಬದಲಿಸದಿದ್ದರೆ, ಕಾರ್ಖಾನೆಯಿಂದ ಬಂದಂತೆ ಅದು ಪೂರ್ಣ ಪ್ರಕಾಶ. ಹೀಗಾಗಿ ಆ ತಂತಿ ಸತ್ತ ದಿನ ಸೆನ್ಸರಿನ ಅಭಿಪ್ರಾಯವನ್ನು ಯಾರೂ ಕೇಳದೆ ಇಡೀ ಮಹಡಿ ಝಗಝಗಿಸುತ್ತದೆ, ಮತ್ತು ಗುಮಾಸ್ತನು ಒಮ್ಮೆಯೂ ಕೈ ಬೀಸದೆ ಕಡತವನ್ನು ಕೊನೆಯ ಹಾಳೆಯವರೆಗೆ ಓದಿ ಮುಗಿಸುತ್ತಾನೆ. ಎಲೆಕ್ಟ್ರಿಷಿಯನ್ ಅಷ್ಟರೊಳಗೆ ಬಂದು ಎಲ್ಲವನ್ನೂ ಸರಿಪಡಿಸದಿದ್ದರೆ.