ನಮ್ಮಮ್ಮನಿಗೆ ಕಾಫಿ ಕೊಡಿಸಿದ ಎದುರು ಪಕ್ಷದ ವಕೀಲರಿಗೆ



ಬೆಳಿಗ್ಗೆಯಿಂದ ಕೋರ್ಟ್ ಹಾಲಿನ ಹೊರಗೆ ಕೂತು, ಸಂಜೆ "ಜಡ್ಜ್ ಸಾಹೇಬರು ಎದ್ದರು, ಮುಂದಿನ ತಿಂಗಳು ಬನ್ನಿ" ಎನ್ನಿಸಿಕೊಂಡು ಈಗಷ್ಟೇ ಮನೆಗೆ ಬಂದಿದ್ದೇವೆ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಕಾಯುವುದು ಕಕ್ಷಿದಾರರ ಕೆಲಸ. ನನ್ನ ತಕರಾರು ಆ ಕಾಫಿಯ ಬಗ್ಗೆ.

ದೊಡ್ಡಮಾವ ಹೂಡಿರುವ ಪಾಲಿನ ದಾವೆಯಲ್ಲಿ ಅಮ್ಮ ನಾಲ್ಕನೇ ಪ್ರತಿವಾದಿ. ಒಡಹುಟ್ಟಿದ ಅಣ್ಣನ ಎದುರು ವಕೀಲರನ್ನು ಇಡುವುದು ಹೇಗೆ ಎಂದು ಹಿಂಜರಿದು ಬರಿಗೈಲಿ ಬಂದಿದ್ದಳು. ಅಣ್ಣನಿಗೆ ಆ ಹಿಂಜರಿಕೆ ಇರಲಿಲ್ಲ, ನಿಮ್ಮನ್ನು ಇಟ್ಟಿದ್ದಾನೆ. ನಾನು ಝೆರಾಕ್ಸ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನೀವು ಅವಳನ್ನು ಕ್ಯಾಂಟೀನಿಗೆ ಕರೆದೊಯ್ದು, "ನಿಮಗ್ಯಾಕಮ್ಮ ಬೇರೆ ವಕೀಲರು, ದುಡ್ಡು ದಂಡ. ನಾನಿಲ್ವಾ? ಲೋಕ ಅದಾಲತ್‌ನಲ್ಲಿ ಒಂದು ಸಹಿ, ಮುಗೀತು" ಎಂದಿರಂತೆ. ಎಂಥ ಔದಾರ್ಯ! ಒಂದೇ ಫೀಸಿಗೆ ವಾದಿಯ ಕೆಲಸವನ್ನೂ ಮಾಡಿ, ಪ್ರತಿವಾದಿಯ ಕೆಲಸವನ್ನೂ ಕೆಡಿಸುವವರು ಎಲ್ಲಿ ಸಿಗುತ್ತಾರೆ?

ಆ ಒಂದು ಸಹಿಯ ಕಾಗದ ಓದಿದೆ. ಅದರ ಪ್ರಕಾರ "ಅರಿಶಿನ ಕುಂಕುಮದ ಬಾಬ್ತು ಹಣ ಪಡೆದು, ತೃಪ್ತಳಾಗಿ" ಅಮ್ಮ ತನ್ನ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದಾಳೆ. ಪಡೆದದ್ದು ಒಂದು ಲೋಟ ಕಾಫಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದ 2005ರ ತಿದ್ದುಪಡಿ, ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದ 2020ರ ವಿನೀತಾ ಶರ್ಮಾ ತೀರ್ಪು ಕಾಫಿ ಆರುವ ತನಕವೂ ನಿಮಗೆ ನೆನಪಾಗಲಿಲ್ಲ. ಲೋಕ ಅದಾಲತ್‌ನ ಆದೇಶಕ್ಕೆ ಅಪೀಲಿಲ್ಲ ಎಂಬುದೂ ನೆನಪಾಗಲಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ. ಆ ಪ್ರಾಧಿಕಾರದ ಕಚೇರಿಯ ಬೋರ್ಡು ಕ್ಯಾಂಟೀನಿನ ದಾರಿಯಲ್ಲೇ ಇದೆ ಸಾಹೇಬರೇ! ಅದರ ಮುಂದೆಯೇ ಕರೆದುಕೊಂಡು ಹೋದಿರಿ.

ನಿಮ್ಮದೇನೂ ತಪ್ಪಿಲ್ಲ ಬಿಡಿ. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳಲ್ಲಿ 34ನೆಯದು ನೋಡಿದೆ. ಎದುರು ಪಕ್ಷದವರಿಗೆ ವಕೀಲರಿದ್ದರೆ, ವ್ಯಾಜ್ಯದ ಮಾತನ್ನು ಅವರ ಮೂಲಕವೇ ಆಡಬೇಕು. ಇಲ್ಲದವರ ಬಗ್ಗೆ ಆ ನಿಯಮ ತುಟಿ ಬಿಚ್ಚುವುದಿಲ್ಲ. ವಕೀಲರಿದ್ದವರಿಗೆ ಕಾವಲು, ಇಲ್ಲದವರಿಗೆ ಕಾಫಿ. ಅಮೆರಿಕದ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 4.3 ವಕೀಲರಿಲ್ಲದ ಇಂಥವರ ಬಗ್ಗೆಯೇ ಇದೆ: ನಾನು ಯಾರ ಪರವೂ ಅಲ್ಲ ಎಂಬಂತೆ ತೋರಿಸಿಕೊಳ್ಳಬಾರದು, ಹಿತಾಸಕ್ತಿ ಎದುರುಬದುರಾಗಿದ್ದರೆ "ಒಬ್ಬ ವಕೀಲರನ್ನು ನೋಡಿಕೊಳ್ಳಿ" ಎನ್ನುವುದೊಂದನ್ನು ಬಿಟ್ಟು ಬೇರೆ ಕಾನೂನು ಸಲಹೆ ಕೊಡಬಾರದು. ನೀವು ಅದನ್ನು ತಲೆಕೆಳಗು ಮಾಡಿದಿರಿ. ಎಲ್ಲ ಸಲಹೆ ಕೊಟ್ಟಿರಿ, ಅದೊಂದನ್ನು ಬಿಟ್ಟು.

ವಯಸ್ಸಾದ ಹೆಂಗಸಿಗೆ ಕಾಗದ ಓದಿ ಹೇಳದೆ, ತವರಿನ ಹೆಸರೆತ್ತಿ, ಪೆನ್ನು ಕೈಗೆ ತುರುಕುವುದು ತಪ್ಪು ಎಂದು ತಿಳಿಯಲು ನಿಯಮದ ನಂಬರ್ ಬೇಕೇನ್ರೀ? ಕರಿಕೋಟು ಹಾಕಿಕೊಂಡು ಮಾಡಿದರೆ ಅದು ರಾಜಿಯಾಗುತ್ತದೆಯೆ?

ಕನ್ನಡಕ ತಂದಿಲ್ಲ ಎಂದು ಅಮ್ಮ ಸಹಿ ಹಾಕಲಿಲ್ಲ. ಕನ್ನಡಕ ಬ್ಯಾಗಿನಲ್ಲೇ ಇತ್ತು. ಉಚಿತ ವಕೀಲರಿಗಾಗಿ ಅರ್ಜಿ ಕೊಟ್ಟೇ ಮನೆಗೆ ಬಂದೆವು. ಅವರು ವಕಾಲತ್ತು ಹಾಕಿದ ದಿನದಿಂದ ನಿಮ್ಮ 34ನೇ ನಿಯಮ ನಮ್ಮಮ್ಮನಿಗೂ ಅನ್ವಯಿಸುತ್ತದೆ. ಏನಿದ್ದರೂ ಅವರ ಹತ್ತಿರ ಮಾತಾಡಿ.

ಇತಿ,
ನಾಲ್ಕನೇ ಪ್ರತಿವಾದಿಯ ಮಗಳು